ಮುಚ್ಚಿಹೋದ ಕಾರ್ಖಾನೆಯ ಕೋವಿಗಳನ್ನು ಹುಡುಕಿಕೊಂಡು

ಯೆಲ್ಲೋಸ್ಟೋನ್‌ನಲ್ಲಿ (ಅಮೆರಿಕದ ರಾಷ್ಟ್ರೀಯ ಉದ್ಯಾನ) ಮೂರು ದಿನ ಬಿಸಿನೀರಿನ ಬುಗ್ಗೆ ನೋಡಿ ನೋಡಿ ಮಗಳಿಗೆ ಗಂಧಕದ ವಾಸನೆ ಅಂದ್ರೆ ವಾಕರಿಕೆ ಬರುವಂತಾಗಿತ್ತು. ದಾರಿಗೆ ಅಡ್ಡ ನಿಂತ ಬೈಸನ್ ಹಿಂಡಿನ ಹಿಂದೆ ಒಂದು ಗಂಟೆ ಕಾರು ನಿಲ್ಲಿಸಿಕೊಂಡು ಕೂತದ್ದೂ ಆಯಿತು. "ಇದಕ್ಕಿಂತ ನಮ್ಮ ಕಾಟಿ ಎಷ್ಟು ಲಕ್ಷಣವಾಗಿದೆ ಮಾರಾಯ" ಎಂದ ಗೆಳೆಯ. ಅವನು ವಿರಾಜಪೇಟೆ ಕಡೆಯ ಕೊಡವ, ಡೆನ್ವರ್‌ನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯವನು. ಡೆನ್ವರ್‌ಗೆ ವಾಪಸ್ ಹೋಗುವಾಗ ಪೂರ್ವದ ಗೇಟಿನಿಂದ ಇಳಿದು ಕೋಡಿ ಎಂಬ ಊರಿನ ಮೇಲೆ ಹೋಗೋಣ ಅಂತ ಹಟ ಹಿಡಿದವನೂ ಅವನೇ. ಅಲ್ಲಿ ಕೋವಿಗಳ ಮ್ಯೂಸಿಯಂ ಇದೆಯಂತೆ.

ದಾರಿ ಮಾತ್ರ ಚೆನ್ನಾಗಿತ್ತು. ಸಿಲ್ವನ್ ಪಾಸ್ ಹತ್ತಿರ ಜೂನ್ ಕೊನೆಯಲ್ಲೂ ಬದಿಯಲ್ಲಿ ಹಿಮ ಉಳಿದಿತ್ತು. ಗೇಟು ದಾಟಿದ ಮೇಲೆ ಶೋಶೋನಿ ನದಿ ಪಕ್ಕದಲ್ಲೇ ಬರುತ್ತದೆ. ಎಂಬತ್ತೈದು ಕಿಲೋಮೀಟರ್ ಇಳಿದರೆ ಕೋಡಿ. ಊರು ಕಟ್ಟಲು ಮುಂದೆ ನಿಂತವನು ಬಫೆಲೋ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿ. 1902ರಲ್ಲಿ ಮಗಳ ಹೆಸರಿನಲ್ಲಿ ಅವನು ಕಟ್ಟಿಸಿದ ಇರ್ಮಾ ಹೋಟೆಲ್ ಇನ್ನೂ ನಡೆಯುತ್ತಿದೆ. ಅಲ್ಲಿನ ಊಟದ ಪಟ್ಟಿಯ ತುಂಬಾ ದನದ ಮಾಂಸ. ನಾವು ನದಿ ದಡದಲ್ಲೇ ಪುಳಿಯೋಗರೆ ಡಬ್ಬಿ ಬಿಚ್ಚಿದೆವು.

ಮ್ಯೂಸಿಯಂ ಅಂದರೆ ಒಂದಲ್ಲ, ಒಂದೇ ಸೂರಿನಡಿ ಐದು. "ನೀವಿಬ್ರೂ ಬಂದೂಕು ನೋಡ್ಕೊಳ್ಳಿ, ನಾವು ಪ್ರಾಣಿ ನೋಡ್ತೀವಿ" ಎಂದು ಹೆಂಡತಿ ಮಗಳನ್ನು ಕರೆದುಕೊಂಡು ಆ ಕಡೆ ಹೋದಳು. ಮಗಳ ಶಾಲೆಯಲ್ಲಿ, ಯಾರಾದರೂ ಬಂದೂಕು ಹಿಡಿದು ಒಳಗೆ ಬಂದರೆ ಬಾಗಿಲು ಹಾಕಿ ಸದ್ದಿಲ್ಲದೆ ಎಲ್ಲಿ ಕೂರಬೇಕು ಎಂದು ಮಕ್ಕಳಿಗೆ ಕಲಿಸುತ್ತಾರೆ. ಅದನ್ನು ಕೇಳಿದ ದಿನದಿಂದ ಹೆಂಡತಿಗೆ ಈ ವಿಷಯ ಬೇಡ. ನನಗೂ ಅಷ್ಟೇನೂ ಬೇಕಿರಲಿಲ್ಲ, ನಿಜ ಹೇಳಬೇಕೆಂದರೆ.

ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿ 7,000ಕ್ಕೂ ಹೆಚ್ಚು ಬಂದೂಕುಗಳಿವೆ. ಅದರ ಜೀವಾಳ ವಿಂಚೆಸ್ಟರ್ ಎಂಬ ಕೋವಿ ಕಂಪನಿಯ ಸಂಗ್ರಹ. ಕಂಪನಿ ಇದ್ದದ್ದು ದೂರದ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಅದರ ಸಂಗ್ರಹ 1970ರ ದಶಕದಲ್ಲಿ ಇಲ್ಲಿಗೆ ಬಂತು. ಬೇ ಏರಿಯಾದ ಕನ್ನಡಿಗರಿಗೆ ಈ ಹೆಸರು ಗೊತ್ತೇ ಇರುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಸ್ಯಾನ್ ಹೋಸೆಯಲ್ಲಿ ಒಂದು ಭೂತದ ಮನೆಗೆ ಕರೆದುಕೊಂಡು ಹೋಗ್ತೀವಲ್ಲ, ಅದು ಈ ಮನೆತನದ ಸೊಸೆಯದು.

ಆಲಿವರ್ ವಿಂಚೆಸ್ಟರ್ ಅಂಗಿ ಹೊಲಿಸಿ ಮಾರುತ್ತಿದ್ದ ವ್ಯಾಪಾರಿ. ಅವನಿಗೆ ಕೋವಿ ಮಾಡಲು ಬರುತ್ತಿರಲಿಲ್ಲ, ಮಾಡುವವರನ್ನು ಹಿಡಿಯಲು ಬರುತ್ತಿತ್ತು. ಅವನ ಕೆಲಸಗಾರ ಹೆನ್ರಿ 1860ರಲ್ಲಿ ಒಂದು ರೈಫಲ್ ಮಾಡಿಕೊಟ್ಟ. ಟ್ರಿಗರಿನ ಸುತ್ತ ಇರುವ ಬಳೆಯನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟೆ ಹಾರಿ ಹೊಸದು ಬಂದು ಕೂರುತ್ತದೆ. ಗೆಳೆಯ ಅದರ ಮುಂದೆ ತುಂಬಾ ಹೊತ್ತು ನಿಂತ. "ನಮ್ಮ ಅಜ್ಜ ಕೇಪಿನ ಕೋವಿಗೆ ಮದ್ದು ಹಾಕಿ, ಗಜದಲ್ಲಿ ಕುಟ್ಟಿ, ಕೇಪು ಇಡೋದರೊಳಗೆ ಹಂದಿ ಪಕ್ಕದ ತೋಟದಲ್ಲಿರ್ತಿತ್ತು" ಎಂದ.

1873ರ ಮಾದರಿಯ ಮುಂದೆ ಜನ ಜಾಸ್ತಿ. ಪಶ್ಚಿಮವನ್ನು ಗೆದ್ದ ಕೋವಿ ಎಂಬ ಬಿರುದು ಇದಕ್ಕೇ. ಯಾರಿಂದ ಗೆದ್ದರು ಅನ್ನುವುದಕ್ಕೆ ಉತ್ತರ ಅದೇ ಕಟ್ಟಡದ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕದ ಬಯಲುಸೀಮೆಯ ಮೂಲನಿವಾಸಿ ಇಂಡಿಯನ್ನರ ಮ್ಯೂಸಿಯಂನಲ್ಲಿದೆ. ತಮಾಷೆ ಏನೆಂದರೆ, 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ನಡೆದ ಕಾಳಗದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನಿಕರ ಕೈಯಲ್ಲಿದ್ದದ್ದು ಒಂದೊಂದೇ ತೋಟೆಯ ಕೋವಿ. ಹೆನ್ರಿ, ವಿಂಚೆಸ್ಟರ್‌ಗಳು ಎದುರಿಗಿದ್ದ ಲಕೋಟಾ, ಶಯೆನ್ನ್ ಎಂಬ ಇಂಡಿಯನ್ ಬುಡಕಟ್ಟುಗಳ ಜನರ ಕೈಯಲ್ಲಿದ್ದವು.

ಈ 73ರಲ್ಲೇ ಗುರಿ ತುಂಬಾ ಚೆನ್ನಾಗಿ ಕೂತ ನಳಿಗೆಗಳನ್ನು ಆರಿಸಿ 'ಒನ್ ಆಫ್ ಒನ್ ಥೌಸಂಡ್' ಎಂದು ಹೆಸರು ಕೊರೆದು ದುಬಾರಿಗೆ ಮಾರಿದರು. ಮಾಡಿದ್ದು 130ರ ಆಸುಪಾಸು, ಅಷ್ಟೆ. 1950ರಲ್ಲಿ ಒಂದು ಹಾಲಿವುಡ್ ಚಿತ್ರದ ಪ್ರಚಾರಕ್ಕೆ, ಇಂಥ ಕೋವಿ ಯಾರ ಮನೆಯಲ್ಲಿದೆ ಅಂತ ಜಾಹೀರಾತು ಕೊಟ್ಟು ಹುಡುಕಿಸಿದರು. ಜನ ಅಟ್ಟ ಹತ್ತಿದರು. ವಿಂಚೆಸ್ಟರ್ ಕೂಡಿಡುವ ಹುಚ್ಚಿಗೆ ಅದು ತುಪ್ಪ ಸುರಿಯಿತು.

ಹುಚ್ಚು ಎಂದರೆ ಹೇಗಿರುತ್ತದೆ ಅಂತ ನನಗೆ ತೋರಿಸಿದವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹಿರಿಯರು. ನೆಬ್ರಾಸ್ಕಾದವರು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಪತ್ರ. ಹಳೆಯ ಕಾರ್ಖಾನೆಯ ಲೆಕ್ಕದ ಪುಸ್ತಕಗಳು ಈ ಮ್ಯೂಸಿಯಂನಲ್ಲಿವೆ. ಕೋವಿಯ ನಂಬರ್ ಕೊಟ್ಟು ದುಡ್ಡು ಕಟ್ಟಿದರೆ, ಪುಸ್ತಕದಲ್ಲಿ ಸಿಕ್ಕಿದ್ದನ್ನು ಬರೆದುಕೊಡುತ್ತಾರೆ. ಯಾವ ನಳಿಗೆ, ಯಾವ ತೋಟೆ, ಗೋದಾಮಿನಿಂದ ಯಾವ ದಿನ ಹೊರಟಿತು, ಇಷ್ಟು. ಅವರದು ಅಜ್ಜನ ಅಪ್ಪ ಕೊಂಡ 1894ರ ಮಾದರಿ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿ 70 ಲಕ್ಷಕ್ಕೂ ಮೇಲೆ ತಯಾರಾಗಿದೆ. ಅಪರೂಪದ್ದೇನಲ್ಲ. ಆದರೂ ಆ ಪತ್ರವನ್ನು ಅವರು ಜಾತಕ ಹಿಡಿದಂತೆ ಹಿಡಿದಿದ್ದರು.

ಮನೆಯಲ್ಲಿ ಒಟ್ಟು ಹನ್ನೊಂದು ವಿಂಚೆಸ್ಟರ್ ಇವೆಯಂತೆ. "ಎಲ್ಲಾ ಪ್ರೀ ಸಿಕ್ಸ್ಟಿ ಫೋರ್" ಎಂದರು. ನಾನು ಮುಖ ನೋಡಿದೆ. 1964ಕ್ಕೆ ಮೊದಲು ತಯಾರಾದವು ಅಂತ ಅರ್ಥ. 1964ರಲ್ಲಿ ಕಂಪನಿ ಖರ್ಚು ಉಳಿಸಲು ಹೊರಟಿತು. ಮಾಡೆಲ್ 70 ರೈಫಲಿನಲ್ಲಿ ತೋಟೆಯನ್ನು ಕಚ್ಚಿ ಎಳೆಯುತ್ತಿದ್ದ ಉದ್ದನೆಯ ಉಗುರನ್ನು ತೆಗೆದು ಚಿಕ್ಕ ಕೊಕ್ಕೆ ಹಾಕಿದರು. ಮರದ ಹಿಡಿಯ ಮೇಲೆ ಕೆತ್ತುತ್ತಿದ್ದ ಗೀರುಗಳ ಬದಲು ಅಚ್ಚು ಒತ್ತಿದರು. ಅಭಿಮಾನಿಗಳು ಇವತ್ತಿಗೂ ಕ್ಷಮಿಸಿಲ್ಲ. ಗೆಳೆಯ ಕೀಟಲೆಗೆ, "ಮಾರ್ಲಿನ್ ಕಂಪನಿಯದ್ದೂ ಚೆನ್ನಾಗಿರುತ್ತಂತಲ್ಲ, ಖಾಲಿ ತೋಟೆ ಪಕ್ಕಕ್ಕೆ ಬೀಳುತ್ತೆ, ಮೇಲೆ ದುರ್ಬೀನು ಕೂರಿಸಬಹುದು" ಎಂದ. ಹಿರಿಯರು ನಕ್ಕರು, ಆದರೆ ಪೂರ್ತಿ ನಗಲಿಲ್ಲ.

ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಹೆಸರು ಉಳಿದಿದೆ, ಈಗಿನ 94 ಜಪಾನಿನಲ್ಲಿ ತಯಾರಾಗುತ್ತದೆ. "ಕೆಲಸ ಅಚ್ಚುಕಟ್ಟು, ಬಹುಶಃ ಹಳೆಯದಕ್ಕಿಂತ ಚೆನ್ನಾಗಿದೆ. ಆದ್ರೆ ನಾನು ಕೊಳ್ಳಲ್ಲ" ಎಂದರು. ಯಾಕೆ ಅಂತ ನಾನು ಕೇಳಲಿಲ್ಲ. ಮೈಸೂರಿನವನಿಗೆ ಅದನ್ನು ಬಿಡಿಸಿ ಹೇಳಬೇಕಾ? ನಮ್ಮ ಮನೆಯಲ್ಲಿ ಅಪ್ಪನ 1979ರ ಯೆಜ್ದಿ ಇದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕ್ ಬಂದಾಗ ಅಪ್ಪ ಅಂಗಡಿಗೆ ಹೋಗಿ ಸುತ್ತಾಡಿ ನೋಡಿ ಬಂದು, "ಕಿಕ್ಕರ್ರೇ ಇಲ್ಲ" ಎಂದರು. ಹಳೆಯದರಲ್ಲಿ ಕಿಕ್ಕರ್ ಮಡಚಿದರೆ ಅದೇ ಗೇರ್ ಆಗುತ್ತದೆ. ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ ಕೇಳಿದ ಮೊದಲ ಪ್ರಶ್ನೆ: "ನಂಬರ್ ಎಲ್ಲಿ ಕೊರೆದಿರ್ತಾರೆ?"

ಹೊರಡುವ ಮುಂಚೆ ಅವರೇ ಇನ್ನೊಂದು ಕತೆ ಹೇಳಿದರು. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ಕಾಡಿನಲ್ಲಿ ಒಂದು ಜುನಿಪರ್ ಮರಕ್ಕೆ ಒರಗಿಸಿಟ್ಟ 1873ರ ವಿಂಚೆಸ್ಟರ್ ಸಿಕ್ಕಿತು. ಮರದ ಹಿಡಿ ಒಡೆದು ಬಿಳಿಚಿ, ಬುಡ ಮಣ್ಣಲ್ಲಿ ಹೂತಿತ್ತು. ಅದನ್ನು ಉಪಚಾರಕ್ಕೆ ತಂದದ್ದು ಇದೇ ಮ್ಯೂಸಿಯಂಗೆ. ಹಿಡಿಯೊಳಗೆ ಒಂದು ತೋಟೆಯೂ ಇತ್ತು. ಪುಸ್ತಕ ತೆರೆದರೆ, ಕಾರ್ಖಾನೆಯಿಂದ ಹೊರಟದ್ದು 1882ರಲ್ಲಿ ಎಂದು ಸಿಕ್ಕಿತು. ಕೊಂಡವನ ಹೆಸರಿಲ್ಲ. ಒರಗಿಸಿಟ್ಟು ಎಲ್ಲಿಗೆ ಹೋದನೋ, ಯಾಕೆ ವಾಪಸ್ ಬರಲಿಲ್ಲವೋ.

ಕಾರಿನಲ್ಲಿ ಗೆಳೆಯ ತುಂಬಾ ಹೊತ್ತು ಸುಮ್ಮನಿದ್ದ. ಅವರ ಮನೆಯಲ್ಲಿರುವುದು ಒಂದೇ ಜೋಡುನಳಿಗೆ ಕೋವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದರ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಆದರೆ ಆ ಕೋವಿ ಯಾವ ಕಂಪನಿಯದು ಅನ್ನೋದೇ ಇವನಿಗೆ ಗೊತ್ತಿಲ್ಲ.

ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಊರಿಗೆ ಫೋನ್ ಮಾಡಿದ. ಅಲ್ಲಿ ಬೆಳಗಿನ ಆರೂವರೆ. ಕೊಡವ ತಕ್ಕಿನಲ್ಲಿ ಅಣ್ಣನ ಹತ್ತಿರ ಏನೋ ಕೇಳಿದ. ಆ ಕಡೆಯಿಂದ ಜೋರು ದನಿ. ಫೋನ್ ಇಟ್ಟು ಪೆಚ್ಚು ನಗೆ ನಕ್ಕ.

"ಏನಂದ್ರು?"

"ಅಮೆರಿಕದಲ್ಲಿ ಕೂತು ಕೋವಿ ಹೆಸರು ಕೇಳ್ತೀಯಾ, ಎಣ್ಣೆ ಹಾಕಿ ಒರೆಸೋದು ಮಾತ್ರ ನಾನಾ? ಹಬ್ಬಕ್ಕೆ ಬಾ, ನೀನೇ ಉಜ್ಜಿ ಓದ್ಕೋ ಅಂದ."

ಡೆನ್ವರ್ ಇನ್ನೂ ಏಳು ಗಂಟೆ ದೂರ ಇತ್ತು. ಅವನು ಆಗಲೇ ಸೆಪ್ಟೆಂಬರ್‌ನ ಟಿಕೆಟ್ ದರ ನೋಡುತ್ತಿದ್ದ.