ಬ್ಲೇಡ್ ಮೇಷ್ಟ್ರು ಮತ್ತು ಆರು ತುಂಡಾದ ಸೈನ್ಸ್ ಪುಸ್ತಕ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್‌ಮೇಡಂ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, ನಮ್ಮ ಸೈನ್ಸ್ ಮೇಷ್ಟ್ರ ಬಗ್ಗೆ ಬೇರೆ ಯಾರಾದರೂ ಬರೆಯುತ್ತಿದ್ದಾರಾ ಅಂತ. ಮೂರು ಜನ ಬರೆಯುತ್ತಿದ್ದಾರಂತೆ. ಇರಲಿ, ನಾನೂ ಬರೆಯುತ್ತೇನೆ. ಮೇಷ್ಟ್ರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ನಮ್ಮ ಬ್ಯಾಚಿನವರು ಹತ್ತು ಹದಿನೈದು ಜನ ಅವರ ಮನೆಯಲ್ಲಿ ಸೇರಿದ್ದೆವು. ಊಟ ಮುಗಿಸಿ ಕವಳ ಹಾಕಿಕೊಂಡು ಕೂತಾಗ, ಅವರು ಮಾಡಿದ ಪಾಠ ಒಂದೂ ಯಾರಿಗೂ ನೆನಪಿಗೆ ಬರಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ಎರಡೇ. ಬ್ಲೇಡು, ಸೈಕಲ್ಲು.

ಎಂಬತ್ತರ ದಶಕದ ಮಾತು. ಆಗ ಸಾಗರ ತಾಲ್ಲೂಕಿನ ನಮ್ಮಂಥ ಹೈಸ್ಕೂಲುಗಳಲ್ಲಿ ಹೊಸ ಪುಸ್ತಕ ಕೊಳ್ಳುವವರು ಕಡಿಮೆ. ಮುಂದಿನ ಕ್ಲಾಸಿಗೆ ಹೋದವರದ್ದನ್ನು ಅರ್ಧ ಬೆಲೆಗೆ ತಗೊಂಡು, ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿ ಓದುತ್ತಿದ್ದೆವು. ನಾವು ಒಂಬತ್ತಕ್ಕೆ ಬಂದ ವರ್ಷ ಸೈನ್ಸ್ ಪಠ್ಯ ಬದಲಾಯಿತು. ಹಳೆಯದು ಕೆಲಸಕ್ಕೆ ಬರಲ್ಲ, ಹೊಸದು ಅಂಗಡಿಗೆ ಬಂದಿಲ್ಲ. ಜುಲೈ ಹೋಯಿತು, ಆಗಸ್ಟ್ ಬಂತು, ಮೇಷ್ಟ್ರು ಶಿವಮೊಗ್ಗಕ್ಕೆ ಹೋಗಿ ಯಾರ ಯಾರ ಕೈಕಾಲು ಹಿಡಿದರೋ, ಏಳು ಪುಸ್ತಕ ಹೊಂದಿಸಿ ತಂದರು. ಕ್ಲಾಸಿನಲ್ಲಿ ನಾವು ನಲವತ್ತರ ಮೇಲೆ.

ಅವರು ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಜೇಬಿನಿಂದ ಅರ್ಧ ಬ್ಲೇಡು ತೆಗೆದು, ಬೆನ್ನಿನ ದಾರ ಕತ್ತರಿಸಿ, ಪಾಠ ಪಾಠವಾಗಿ ಬಿಡಿಸಿಟ್ಟರು. ಒಂದು ಪುಸ್ತಕಕ್ಕೆ ಆರು ತುಂಡು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ನೋಡಿತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳು ನಾವು! ಆಮೇಲೆ ಚೀಟಿ ಎತ್ತಿಸಿ ಆರಾರು ಜನರ ಗುಂಪು ಮಾಡಿದರು. ಹುಡುಗಿಯರ ಗುಂಪು ಬೇರೆ, ಆ ಕಾಲ ಹಾಗಿತ್ತು. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು. ಮೊದಲು ಒಂದೇ ಪಾಠ ಸಿಕ್ಕವರು ಒಟ್ಟಿಗೆ ಕೂರಬೇಕು. ಬೆಳಕಿನವರು ಜಗಲಿಗೆ, ಆಮ್ಲದವರು ಕಿಟಕಿ ಹತ್ತಿರ, ಹೀಗೆ. ಅರ್ಥ ಆಗದ್ದನ್ನು ಅಲ್ಲೇ ಚರ್ಚೆ ಮಾಡಬೇಕು, ಮೇಷ್ಟ್ರನ್ನು ಕೇಳಬೇಕು. ನಂತರ ಸ್ವಂತ ಗುಂಪಿಗೆ ವಾಪಸು ಬಂದು ಉಳಿದ ಐದು ಜನಕ್ಕೆ ಪಾಠ ಹೇಳಬೇಕು. ಅವರ ಹತ್ತಿರ ಆ ಪಾಠದ ಹಾಳೆ ಇಲ್ಲವಲ್ಲ, ನೀವು ಹೇಳಿದ್ದೇ ಅವರಿಗೆ ಪುಸ್ತಕ.

ಎಲ್ಲಕ್ಕಿಂತ ಕಿರಿಕಿರಿ ಆಗಿದ್ದು ಅಂಕದ ಲೆಕ್ಕ. ಟೆಸ್ಟಿನಲ್ಲಿ ಗುಂಪಿನ ಕೊನೆಯವನಿಗೆ ಎಷ್ಟು ಬಂತೋ ಆರೂ ಜನಕ್ಕೆ ಅಷ್ಟೇ. ನಾನು ಓದಿನಲ್ಲಿ ಮುಂದಿದ್ದವನು. (ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆಫೀಸ್ ರೂಮಿನ ಬೋರ್ಡಿನಲ್ಲಿ ನನ್ನ ಹೆಸರು ಇನ್ನೂ ಇದೆ, ಬಣ್ಣ ಸ್ವಲ್ಪ ಹೋಗಿದೆ ಅಷ್ಟೆ.) ಮೊದಲ ಟೆಸ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ಆರು ಬಂತು. ಅಪ್ಪಯ್ಯ ಶಾಲೆಗೇ ಬಂದು ಕೂಗಾಡಿದರು. ಮೇಷ್ಟ್ರು ಕಾಫಿ ತರಿಸಿಕೊಟ್ಟು, ‘ನಿಮ್ಮ ಮಗನಿಗೆ ಗೊತ್ತಿದೆ ಸ್ವಾಮಿ, ಇನ್ನೊಬ್ಬರಿಗೆ ಹೇಳಲು ಬರುವುದಿಲ್ಲ, ಕಲಿಯಲಿ’ ಎಂದು ಕಳಿಸಿದರು.

ಆ ಆರು ಅಂಕ ತಂದವನು ನಮ್ಮ ಗುಂಪಿನ ಒಬ್ಬ ಹುಡುಗ. ಅಡಿಕೆ ಕೊಯ್ಲು ಶುರುವಾದರೆ ಅವನು ಶಾಲೆ ಕಡೆ ತಲೆ ಹಾಕುತ್ತಿರಲಿಲ್ಲ. ಮನೆಯವರೆಲ್ಲ ಸುಲಿಯಲು ಹೋಗುತ್ತಿದ್ದರು, ಅವನೂ ಹೋಗುತ್ತಿದ್ದ. ಡಬ್ಬಕ್ಕೆ ಇಷ್ಟು ಅಂತ ದುಡ್ಡು. ಅಂಕದ ಆಸೆಗೆ ನಾವು ಅವನಿದ್ದಲ್ಲಿಗೇ ಹೋಗತೊಡಗಿದೆವು. ರಾತ್ರಿ ಅಂಗಳದ ಚಪ್ಪರದ ಕೆಳಗೆ ಗ್ಯಾಸ್‌ಲೈಟು, ಸಾಲಾಗಿ ಮೆಟ್ಟುಗತ್ತಿ ಮೇಲೆ ಕೂತ ಜನ, ಮಧ್ಯೆ ಹಸಿ ಅಡಿಕೆ ರಾಶಿ, ಪಕ್ಕದಲ್ಲಿ ಹಂಡೆಯಲ್ಲಿ ಕುದಿಯುವ ಚೊಗರಿನ, ಅಂದರೆ ಅಡಿಕೆ ಬೇಯಿಸುವ ಕೆಂಪು ನೀರಿನ, ವಾಸನೆ. ಅವನು ಒಂದು ಅಡಿಕೆ ಕತ್ತಿಗೆ ಒತ್ತಿ, ಸಿಪ್ಪೆ ಬಿಡಿಸಿ, ಉಂಡೆಯನ್ನು ಬುಟ್ಟಿಗೆ ಎಸೆಯುವಷ್ಟರಲ್ಲಿ ನಾನು ಒಂದು ವಾಕ್ಯ ಹೇಳಬೇಕು. ಉದ್ದ ವಾಕ್ಯ ಆದರೆ, ‘ಏ ಮಾರಾಯ, ಕೈ ಕುಯ್ಕೊಳ್ತೀನಿ, ಸಣ್ಣದಾಗಿ ಹೇಳು’ ಅನ್ನುತ್ತಿದ್ದ. ಸುಮ್ನೆ ಕೂರಲು ಬಿಡುತ್ತಾರಾ? ನಮ್ಮ ಕೈಗೂ ಕತ್ತಿ ಬಂತು. ಪಕ್ಕದಲ್ಲಿ ಸುಲಿಯುತ್ತಿದ್ದ ಹೆಂಗಸರು ‘ಅದ್ಯಾಕೆ ಹಾಗಾಗ್ತದೆ?’ ಎಂದು ಕೇಳುವ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರ ಇರುತ್ತಿರಲಿಲ್ಲ. ಮಾರನೇ ದಿನ ಮೇಷ್ಟ್ರನ್ನು ಕೇಳಿಕೊಂಡು ಬಂದು ಹೇಳುತ್ತಿದ್ದೆವು. ಸಂಕ್ರಾಂತಿ ಹೊತ್ತಿಗೆ ನಮ್ಮ ಗುಂಪಿಗೆ ಹದಿನೇಳು ಬಂತು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದೇಬಿಡುತ್ತೇನೆ. ನಮ್ಮ ಗುಂಪಿನಲ್ಲಿ ಬೆಳಕಿನ ಪಾಠ ಸಿಕ್ಕಿದ್ದು ಕೇರಿಯ ಹುಡುಗನಿಗೆ. ಅವನು ಪಾಠ ಹೇಳಲು ನಮ್ಮ ಮನೆಗೆ ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದ, ನಾವು ಜಗಲಿ ಮೇಲೆ ಕೂತು ಕೇಳುತ್ತಿದ್ದೆವು. ಅಜ್ಜಿ ಅವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದರು, ಅದನ್ನು ಅವನೇ ತೊಳೆದಿಡಬೇಕು. ನೀರಿನಲ್ಲಿ ಕೋಲು ಬಾಗಿದ ಹಾಗೆ ಕಾಣುವುದು ಯಾಕೆ ಎಂದು ತೋರಿಸಲು ಅವನು ಬಳಸಿದ್ದೂ ಅದೇ ಲೋಟ. ನಾವೆಲ್ಲ ಅಂಗಳಕ್ಕೆ ಇಳಿದು ಬಗ್ಗಿ ನೋಡಿದೆವು. ಅಜ್ಜಿಯ ಲೋಟ ಬದಲಾಗಲಿಲ್ಲ, ನಾವು ಮಾತ್ರ ಅವತ್ತಿನಿಂದ ಅಂಗಳದಲ್ಲೇ ಕೂತೆವು. ಚೀಟಿ ಎತ್ತಿಸುವಾಗ ಮೇಷ್ಟ್ರ ತಲೆಯಲ್ಲಿ ಇದೆಲ್ಲ ಇತ್ತಾ? ಒಮ್ಮೆ ಕೇಳಿದ್ದೆ. ‘ಪುಸ್ತಕ ಇರಲಿಲ್ಲ ಕಣೋ’ ಅಂದುಬಿಟ್ಟರು.

ಕನ್ನಡ ಪಂಡಿತರಿಗೆ ಮಾತ್ರ ಈ ಬ್ಲೇಡಿನ ಕೆಲಸ ಕಂಡರೆ ಆಗುತ್ತಿರಲಿಲ್ಲ. ಸರಸ್ವತಿಯ ಕತ್ತು ಕುಯ್ದ ಮನುಷ್ಯ ಅಂತ ಸ್ಟಾಫ್‌ರೂಮಿನಲ್ಲಿ ಗಟ್ಟಿಯಾಗಿಯೇ ಹೇಳುತ್ತಿದ್ದರಂತೆ. ನವರಾತ್ರಿಯಲ್ಲಿ ಪೂಜೆಗೆ ಪುಸ್ತಕ ಇಡುವಾಗ, ಬಿಡಿ ಪಾಠ ಇಡಬಹುದಾ ಎಂದು ಅವರನ್ನೇ ಕೇಳಿದೆವು. ಉತ್ತರ ಕೊಡದೆ ಎದ್ದು ಹೋದರು. ಆದರೆ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ತುಂಡುಗಳನ್ನೆಲ್ಲ ವಾಪಸು ತರಿಸಿಕೊಂಡು, ದಬ್ಬಣದಲ್ಲಿ ಹೊಲಿದು, ಮೈದಾ ಅಂಟು ಹಚ್ಚಿ, ಏಳೂ ಪುಸ್ತಕಗಳಿಗೆ ರಟ್ಟು ಹಾಕಿದವರು ಇದೇ ಪಂಡಿತರು. ಒಂದು ಪುಸ್ತಕದಲ್ಲಿ ಆಮ್ಲದ ಪಾಠ ಎರಡು ಸಲ ಬಂದಿತ್ತು, ಬೆಳಕು ಇರಲೇ ಇಲ್ಲ. ಸೈನ್ಸ್ ಮೇಷ್ಟ್ರು ನೋಡಿ ಏನೂ ಹೇಳಲಿಲ್ಲ.

ಇನ್ನು ಸೈಕಲ್ಲು. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮ ಆಟದ ಪೀರಿಯಡ್ಡನ್ನೂ ಸೈನ್ಸಿಗೆ ತಗೊಂಡರು. ಸಿಟ್ಟು ಬಂತು. ಒಬ್ಬನ ಅಣ್ಣನದು ಪೇಟೆಯಲ್ಲಿ ಸೈಕಲ್ ಶಾಪು, ಸ್ಪ್ಯಾನರು ಬಂತು. ಸ್ಟಾಫ್ ಮೀಟಿಂಗು ನಡೆಯುವ ಹೊತ್ತಿಗೆ ಮೇಷ್ಟ್ರ ಸೈಕಲ್ಲನ್ನು ಕಟ್ಟಡದ ಹಿಂದೆ ತಗೊಂಡು ಹೋಗಿ, ಅವರೇ ಕಲಿಸಿದ ಹಾಗೆ ಗುಂಪಿಗೊಂದು ಭಾಗ ಹಂಚಿಕೊಂಡು ಬಿಚ್ಚಿದೆವು. ಒಬ್ಬರು ಸೀಟು, ಒಬ್ಬರು ಹ್ಯಾಂಡಲ್ಲು, ಒಬ್ಬರು ಪೆಡಲ್ಲು, ನಮ್ಮದು ಚೈನು. ಸಂಜೆ ಮೇಷ್ಟ್ರು ಗೋಡೆಗೆ ಒರಗಿದ್ದ ಬರೀ ಫ್ರೇಮನ್ನು ಸ್ವಲ್ಪ ಹೊತ್ತು ನೋಡಿ, ಕೊಡೆ ಬಿಚ್ಚಿಕೊಂಡು ನಡೆದೇ ಹೋದರು.

ಬೆಳಿಗ್ಗೆ ಕ್ಲಾಸಿನ ಮಧ್ಯೆ ಗೋಣಿತಾಟು ಹಾಸಿತ್ತು, ಅದರ ಮೇಲೆ ಫ್ರೇಮು. ‘ಯಾರು ಮಾಡಿದ್ದು ಅಂತ ಕೇಳಲ್ಲ. ಸಾಮಾನೆಲ್ಲ ಇಲ್ಲಿಗೆ ಬರಲಿ. ಬಿಚ್ಚಿದವರು ಕೈ ಹಿಂದೆ ಕಟ್ಟಿಕೊಳ್ಳಿ, ಮುಟ್ಟಬಾರದು. ಪಕ್ಕದ ಗುಂಪಿನವರಿಗೆ ಬಾಯಲ್ಲಿ ಹೇಳಿ ಜೋಡಿಸಿ.’ ಸುಲಭ ಅಂದುಕೊಂಡೆವು. ‘ಅದನ್ನು ಅದರೊಳಗೆ ಹಾಕು, ಅದಲ್ಲವೋ, ಅದು!’ ಎಂದು ಗದ್ದದಲ್ಲಿ ತೋರಿಸುತ್ತಾ ಅರ್ಧ ದಿನ ಹೋಯಿತು. ಎಡಗಡೆ ಪೆಡಲ್ಲು ಏನು ಮಾಡಿದರೂ ಕೂರುತ್ತಿಲ್ಲ. ಎಲ್ಲರೂ ಬಲಕ್ಕೆ ತಿರುಗಿಸು ಎಂದು ಕೂಗುತ್ತಿದ್ದರೆ, ಆ ಅಡಿಕೆ ಸುಲಿಯುವ ಹುಡುಗ ಥ್ರೆಡ್ಡಿನ ಮೇಲೆ ಉಗುರು ಓಡಿಸಿ ನೋಡಿ, ‘ಇದು ಉಲ್ಟಾ ಐತೆ ಸಾರ್’ ಅಂದ. ನಿಜ. ತುಳಿಯುತ್ತಾ ಹೋದಂತೆ ಸಡಿಲ ಆಗಬಾರದು ಅಂತ ಎಡ ಪೆಡಲಿಗೆ ಮಾತ್ರ ಉಲ್ಟಾ ಥ್ರೆಡ್ ಕೊಟ್ಟಿರುತ್ತಾರೆ. ಮೇಷ್ಟ್ರು ಆಟದ ಪೀರಿಯಡ್ ವಾಪಸು ಕೊಟ್ಟರು. ಕಳೆದುಹೋದ ವಾಷರಿಗೆ ದುಡ್ಡೂ ವಸೂಲು ಮಾಡಿದರು.

ಬಿ.ಎಡ್. ಓದುವಾಗ ನನ್ನ ಮಗಳು ಒಂದು ದಿನ, ‘ಅಪ್ಪಾ, ನಿಮ್ಮ ಬ್ಲೇಡ್ ಮೇಷ್ಟ್ರದ್ದು ಜಿಗ್ಸಾ ವಿಧಾನ’ ಅಂದಳು. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞ ಶುರು ಮಾಡಿದ್ದಂತೆ. ಅಲ್ಲಿ ಕರಿಯರ, ಬಿಳಿಯರ, ಮೆಕ್ಸಿಕನ್ ಮೂಲದವರ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಸೇರಿಸಿದಾಗ ಹೊಡೆದಾಟ ಜಾಸ್ತಿಯಾಯಿತು. ಪಾಠವನ್ನು ತುಂಡು ಮಾಡಿ ಹಂಚಿದರೆ ಒಬ್ಬರ ಮಾತು ಇನ್ನೊಬ್ಬರು ಕೇಳಲೇಬೇಕಾಗುತ್ತದೆ ಅನ್ನುವುದು ಲೆಕ್ಕಾಚಾರ. ನಮ್ಮ ಮೇಷ್ಟ್ರು ಇದನ್ನು ಎಲ್ಲೂ ಓದಿರಲಾರರು. ಓದಿದ್ದರೆ ನಮಗೆ ಹೇಳದೆ ಇರುತ್ತಿರಲಿಲ್ಲ, ಅಷ್ಟು ಮಾತಿನ ಮನುಷ್ಯ.

ಈಗ ನನ್ನ ಮೊಮ್ಮಗ ಬೆಂಗಳೂರಿನಲ್ಲಿ ದೊಡ್ಡ ಫೀಸಿನ ಶಾಲೆಗೆ ಹೋಗುತ್ತಾನೆ. ಅಲ್ಲೂ ಗ್ರೂಪ್ ಪ್ರಾಜೆಕ್ಟ್ ಇದೆ. ನಾಲ್ಕು ಹೆಸರು, ಒಬ್ಬಳು ತಾಯಿ ರಾತ್ರಿ ಕೂತು ಟೈಪ್ ಮಾಡುತ್ತಾಳೆ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗು, ಬಣ್ಣದ ಮುಖಪುಟ. ಸೌರಮಂಡಲದ ಬಗ್ಗೆ ನಾಲ್ವರನ್ನೂ ಕೇಳಿದೆ, ಒಬ್ಬರಿಗೂ ಇನ್ನೊಬ್ಬರ ಪುಟದಲ್ಲಿ ಏನಿದೆ ಅಂತ ಗೊತ್ತಿಲ್ಲ. ಸಿಕ್ಕ ಅಂಕ ಇಪ್ಪತ್ತಕ್ಕೆ ಇಪ್ಪತ್ತು. ಎಲ್ಲಾ ಕಡೆ ಹೀಗೇ ಅಂತ ಹೇಳುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಪುಟ್ಟ ಮಕ್ಕಳು ಗುಂಪಾಗಿ ಕೂತು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಾರ್ಡು ತೋರಿಸಿ ಹೇಳಿಕೊಡುವುದನ್ನು ನಾನೇ ನೋಡಿದ್ದೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, 2009-10ರಿಂದ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಆದರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತದೆ. ನಾಲ್ಕರಿಂದ ಮತ್ತೆ ಸಾಲು ಬೆಂಚು, ಮುಂದಿನವನ ಬೆನ್ನು ನೋಡುತ್ತಾ ಕೂರುವುದು. ಯಾಕೆ ಅಂತ ನನಗಂತೂ ಅರ್ಥ ಆಗಿಲ್ಲ.

ನಾನು ಸರ್ವಿಸಿನಲ್ಲಿದ್ದಾಗ ನೂರಾರು ಇಂಜಿನಿಯರುಗಳ ಇಂಟರ್‌ವ್ಯೂ ಮಾಡಿದವನು. ಕೊನೆಯಲ್ಲಿ ಒಂದೇ ಕೆಲಸ ಕೊಡುತ್ತಿದ್ದೆ: ಎಡ ಪೆಡಲ್ಲು ಹಾಕುವುದು ಹೇಗೆ, ಕೈ ಆಡಿಸದೆ ನನಗೆ ಹೇಳಿ. ರ‍್ಯಾಂಕ್ ಬಂದವರು ಬೆವರುತ್ತಿದ್ದರು. ಅದರಲ್ಲಿ ಪಾಸಾದವರನ್ನು ತಗೊಂಡು ನಾನು ಕೆಟ್ಟದ್ದಿಲ್ಲ.

ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ಪುಸ್ತಕ ಕೊಡೋಣ ಎಂದು ನಮ್ಮ ಬ್ಯಾಚು ಹೊರಟಿತ್ತು. ಹೆಡ್‌ಮೇಡಂ ನಕ್ಕು, ಪಠ್ಯಪುಸ್ತಕ ಈಗ ಸರ್ಕಾರವೇ ಬಿಟ್ಟಿ ಕೊಡುತ್ತದೆ ಸಾರ್, ಆರು ಮಕ್ಕಳು ಸುತ್ತ ಕೂರುವಂಥ ಮೇಜು ಇದ್ದರೆ ಮಾಡಿಸಿಕೊಡಿ ಅಂದರು. ಎಂಟು ಮೇಜು ಅಂತ ತೀರ್ಮಾನ ಆಗಿದೆ. ಪ್ಲೈವುಡ್ಡಾ, ಹಲಸಿನ ಮರವಾ ಎಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಎರಡು ತಿಂಗಳಿಂದ ಜಗಳ ನಡೆಯುತ್ತಿದೆ. ನಾನು ಹಲಸಿನ ಕಡೆ. ಹಣ ಇನ್ನೂ ಕಳಿಸದವರು ತಮ್ಮ ಹೆಸರು ಸಂಚಿಕೆಯಲ್ಲಿ ಹಾಕಬೇಡ ಎಂದು ಬೇಡಿಕೊಂಡಿದ್ದಾರೆ, ಅದಕ್ಕೆ ಹಾಕಿಲ್ಲ. ಯುಗಾದಿಯೊಳಗೆ ಕಳಿಸಿ, ಬಡಗಿ ಮುಂಗಡ ಕೇಳುತ್ತಿದ್ದಾನೆ.