ಬೆಳಗಿನ ಐದೂವರೆಯ ಸ್ಯಾಂಪಲ್

"ಸಿಸ್ಟರ್, ಇನ್ನೊಂದ್ ಸಲ ಚುಚ್ಬೇಡಿ. ಮಗೀನ್ ಕೈಯೆಲ್ಲ ನೀಲಿಗಟ್ಟೈತೆ." ತುಮಕೂರು ಕಡೆಯ ಆ ತಾಯಿ ಸೆರಗು ಎಳೆದು ಮಗನ ಕೈ ಮುಚ್ಚಿಬಿಟ್ಟರು.

ಬೆಂಗಳೂರಿನ ಮಕ್ಕಳ ವಾರ್ಡಿನಲ್ಲಿ ಅದು ನನ್ನ ಸತತ ನಾಲ್ಕನೇ ನೈಟ್. ಹುಡುಗನಿಗೆ ನಾಲ್ಕು ವರ್ಷ, 14 ಕೆ.ಜಿ., ತೊಡೆಮೂಳೆಯಲ್ಲಿ ಕೀವು. ಬಂದು ವಾರವಾಗಿತ್ತು. ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಎಂದು ಕಲ್ಚರ್ ಪರೀಕ್ಷೆಯಲ್ಲಿ ಬಂದಿದ್ದರಿಂದ ಹಿಂದಿನ ಮಧ್ಯಾಹ್ನ 12ಕ್ಕೆ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದ್ದರು. ಆರು ಗಂಟೆಗೊಮ್ಮೆ 210 ಮಿಲಿಗ್ರಾಂ, ಪ್ರತಿ ಸಲವೂ ಒಂದು ಗಂಟೆ ನಿಧಾನವಾಗಿ. ಅವಸರಪಟ್ಟರೆ ಮುಖ, ಕತ್ತು ಕೆಂಪೇರಿ ಮಗು ತುರಿಸಿಕೊಳ್ಳತೊಡಗುತ್ತದೆ.

ಬೆಳಗಿನ 6ರದ್ದು ನಾಲ್ಕನೇ ಡೋಸ್. ಅದಕ್ಕೆ ಅರ್ಧ ಗಂಟೆ ಮುಂಚೆ ಲೆವೆಲ್‌ಗೆ, ಅಂದರೆ ರಕ್ತದಲ್ಲಿ ಮದ್ದು ಎಷ್ಟಿದೆ ಎಂದು ಅಳೆಯಲು, ರಕ್ತ ತೆಗೆಯಬೇಕು, ಮದ್ದು ರಕ್ತದಲ್ಲಿ ತೀರಾ ಇಳಿದಿರುವ ಹೊತ್ತದು. ಕಡಿಮೆ ಬಂದರೆ ಸೋಂಕು ಜಗ್ಗುವುದಿಲ್ಲ, ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ನಮ್ಮ ವಾರ್ಡಿನಲ್ಲಿ ಮಿಲಿಲೀಟರಿಗೆ 10ರಿಂದ 15 ಮೈಕ್ರೋಗ್ರಾಂ ಇರಲಿ ಅನ್ನುತ್ತಿದ್ದರು. (ಈ ಒಂದು ಅಂಕಿಯನ್ನೇ ನೆಚ್ಚಬೇಡಿ, ದಿನವಿಡೀ ಮೈಗೆ ಸಿಕ್ಕ ಮದ್ದಿನ ಒಟ್ಟು ಲೆಕ್ಕ ಹಿಡಿಯಿರಿ ಎನ್ನುತ್ತದೆ 2020ರ ಅಮೆರಿಕದ ಮಾರ್ಗಸೂಚಿ. ಅದಕ್ಕೆ ಎರಡು ಸಲ ರಕ್ತ ತೆಗೆದರೆ ಒಳ್ಳೆಯದಂತೆ. ಆ ತಾಯಿಯ ಎದುರು ನಿಂತು ಹೇಳಲಿ ನೋಡೋಣ!)

ಹುಡುಗನಿಗೆ ಪಿಕ್ ಲೈನ್ ಇತ್ತು, ತೋಳಿನ ರಕ್ತನಾಳದಿಂದ ಎದೆಯವರೆಗೆ ತೂರಿಸಿಟ್ಟ ತೆಳು ನಳಿಕೆ. ಮದ್ದು ಹೋಗುತ್ತಿದ್ದದ್ದೂ ಅದರಲ್ಲೇ. ಆ ಲೈನಿಂದ ಲೆವೆಲ್ ತೆಗೆಯಬಾರದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸಲೈನ್ ಹಾಕಿ ತೊಳೆದು, ಮೊದಲ ರಕ್ತ ಚೆಲ್ಲಿದರೆ ಸಾಕು ಅಂದುಕೊಂಡೆ. ಹುಡುಗ ಎಚ್ಚರವಾಗಲೂ ಇಲ್ಲ. ತಾಯಿ ನನ್ನ ತಲೆ ಸವರಿದರು.

ಪಿಜಿಗೆ ಬಂದು ಇಡ್ಲಿ ತಿಂದು ಮಲಗಿದ್ದೆ. ಹನ್ನೊಂದಕ್ಕೆ ಡಾಕ್ಟರ ಫೋನು.

"ಲೆವೆಲ್ 46 ಬಂದಿದೆ. ಮೂತ್ರ ಚೆನ್ನಾಗಿ ಹೋಗ್ತಿದೆ, ಕ್ರಿಯಾಟಿನಿನ್ 0.3, ಕಿಡ್ನಿ ಸರಿಯಾಗೇ ಇದೆ. ಎಲ್ಲಿಂದ ತೆಗೆದ್ರಿ?"

ಕೈಯಿಂದ ಅಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅಂದಿದ್ದರೆ 12ರ ಡೋಸ್ ನಿಲ್ಲುತ್ತಿತ್ತು, ಬಹುಶಃ ಮುಂದಿನದೂ.

"ಲೈನಿಂದ, ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಹನ್ನೊಂದೂವರೆಗೆ ಇನ್ನೊಂದು ಕೈಗೆ ಚುಚ್ಚಿ ರಕ್ತ ತೆಗೆಸಿ, 12ರ ಡೋಸನ್ನು ಹಾಗೇ ಕೊಡಿಸಿದರು. ಸಂಜೆಗೆ ಬಂದ ಅಂಕಿ 7. ಲೈನಿನ ಒಳಮೈಗೆ ಅಂಟಿಕೊಂಡಿದ್ದ ಮದ್ದೇ ಬೆಳಗಿನ ರಕ್ತದಲ್ಲಿ ಬೆರೆತಿತ್ತು. ಹುಡುಗನ ಮೈಯಲ್ಲಿ ನಿಜಕ್ಕೂ ಇದ್ದದ್ದು ಸಾಲದು! ಮಕ್ಕಳ ಕಿಡ್ನಿ ಚುರುಕು, ದೊಡ್ಡವರಿಗಿಂತ ಬೇಗ ಮದ್ದನ್ನು ಹೊರಹಾಕಿಬಿಡುತ್ತದೆ. ಡೋಸ್ 250ಕ್ಕೆ ಏರಿತು.

ರಾತ್ರಿ ಡ್ಯೂಟಿಗೆ ಹೋದಾಗ, ಮಧ್ಯಾಹ್ನ ಮತ್ತೆ ಚುಚ್ಚಿದ್ದು ನನ್ನಿಂದ ಎಂದು ತಾಯಿಗೆ ಹೇಳಿದೆ. ಅವರು ಮಗನ ಕೈಯ ಹತ್ತಿ ಸರಿಪಡಿಸುತ್ತಾ, "ನಾನ್ ಬ್ಯಾಡ ಅಂದ್ರೆ ನೀವೂ ಕೇಳ್ಬಿಡೋದೇನವ್ವ?" ಅಂದರು.

ಹೊಸ ಡೋಸಿನ ಲೆವೆಲ್ ಮಾರನೇ ಮಧ್ಯಾಹ್ನಕ್ಕಿತ್ತು. ಹ್ಯಾಂಡೋವರ್ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆದೆ: ಎಡಗೈಯಿಂದ, ಚುಚ್ಚಿಯೇ.