ನದಿಯನ್ನು ಕೊಯ್ದು ಕಟ್ಟಿದ ಊರು

ಹಾರ್ಬಿನ್ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ಮೂಗಿನೊಳಗಿನ ಕೂದಲು ಸೆಟೆದುಕೊಂಡಿತು. ಮೈನಸ್ 24 ಡಿಗ್ರಿ! ಬೀಜಿಂಗ್‌ನಿಂದ ಸುಮಾರು ಐದು ಗಂಟೆ ರೈಲಿನಲ್ಲಿ ಬೆಚ್ಚಗೆ ಕೂತು ಬಂದಿದ್ದೆವು. ಅಲ್ಲೇ ಕೆಲಸದಲ್ಲಿರುವ ತಂಗಿ ಮೊದಲೇ ಹೇಳಿದ್ದಳು: "ಅಕ್ಕಾ, ಮಫ್ಲರ್ ಒಳಗೇ ಉಸಿರಾಡು, ಫೋನನ್ನ ಒಳಜೇಬಲ್ಲಿ ಇಟ್ಕೋ." ಹತ್ತು ನಿಮಿಷದಲ್ಲಿ ನನ್ನದೇ ಉಸಿರು ಮಫ್ಲರ್ ಮೇಲೆ ಬಿಳಿ ಪುಡಿಯಾಗಿ ಕೂತಿತ್ತು.

ಹಾರ್ಬಿನ್ ಇರುವುದು ಚೀನಾದ ಈಶಾನ್ಯ ಮೂಲೆಯಲ್ಲಿ. 1898ರಲ್ಲಿ ರಷ್ಯನ್ನರು ಇಲ್ಲಿ ರೈಲು ಹಾಕಲು ಶುರು ಮಾಡಿದಾಗ ಬೆಳೆದ ಊರು ಇದು. ಈಗಲೂ ಊರ ನಡುವೆ ಈರುಳ್ಳಿ ಆಕಾರದ ಗುಮ್ಮಟದ ಸೇಂಟ್ ಸೋಫಿಯಾ ಚರ್ಚ್ ಇದೆ. ಕಲ್ಲು ಹಾಸಿದ ಸೆಂಟ್ರಲ್ ಸ್ಟ್ರೀಟ್‌ನಲ್ಲಿ ಆ ಚಳಿಯಲ್ಲೂ ಜನ ಕಡ್ಡಿ ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಾರೆ. ನಾವೂ ತಿಂದೆವು. ಎಷ್ಟು ಹೊತ್ತಾದರೂ ಒಂದು ತೊಟ್ಟೂ ಕರಗಿ ಕೈಗೆ ಇಳಿಯಲಿಲ್ಲ.

ಜನವರಿಯಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ನಾವು ನೋಡಲು ಬಂದಿದ್ದ 'ಐಸ್ ಅಂಡ್ ಸ್ನೋ ವರ್ಲ್ಡ್' ಒಳಗೆ, ಅಂದರೆ ಚಳಿಗಾಲಕ್ಕೆಂದು ಐಸ್ ಇಟ್ಟಿಗೆಗಳಲ್ಲೇ ಕಟ್ಟುವ ಪಾರ್ಕಿನೊಳಗೆ, ಮೂರಕ್ಕೇ ಹೋಗಿ ನಿಂತೆವು. ಬಿಸಿಲಲ್ಲೂ ನೋಡಬೇಕು, ದೀಪದಲ್ಲೂ ನೋಡಬೇಕು ಎಂಬ ಆಸೆ. ಬಿಸಿಲಲ್ಲಿ ಆ ಗೋಪುರಗಳು, ಅರಮನೆಗಳು, ಮೆಟ್ಟಿಲುಗಳು ತಿಳಿ ನೀಲಿ. ಕತ್ತಲಾದಂತೆ ಇಟ್ಟಿಗೆಗಳ ಒಳಗಿಂದಲೇ ಕೆಂಪು, ಹಸಿರು, ನೇರಳೆ ಬೆಳಕು ಹೊತ್ತಿಕೊಂಡಿತು. ಕಟ್ಟುವಾಗಲೇ ಗೋಡೆಯೊಳಗೆ ಎಲ್‌ಇಡಿ ದೀಪ ಕೂರಿಸಿರುತ್ತಾರೆ. ಮೈಸೂರು ಅರಮನೆಯ ದೀಪ ಹತ್ತುವ ಕ್ಷಣ ಜನ "ಓ" ಅನ್ನುತ್ತಾರಲ್ಲ, ಇಲ್ಲೂ ಅದೇ ದನಿ ಕೇಳಿಸಿತು. ಅರ್ಧ ಕಿಲೋಮೀಟರಿಗೂ ಉದ್ದದ ಐಸ್ ಜಾರುಬಂಡೆ ಇದೆ. ಕ್ಯೂ ನೋಡಿ ಬಿಟ್ಟೆವು.

ನನಗೆ ಬಣ್ಣಕ್ಕಿಂತ ಜಾಸ್ತಿ ಹಿಡಿಸಿದ್ದು ಬಣ್ಣವಿಲ್ಲದ ಒಂದು ಗೋಡೆ. ಕೈಗವಸಿನಿಂದ ಒರೆಸಿ ಕಣ್ಣು ಹತ್ತಿರ ಹಿಡಿದೆ. ಒಳಗೆ ಕೂದಲೆಳೆಯಂಥ ಬಿರುಕು, ಸಾಸಿವೆ ಕಾಳಿನಷ್ಟು ಗುಳ್ಳೆಗಳ ಒಂದು ಸಾಲು, ಅದರಾಚೆ ತಂಗಿಯ ಕೆಂಪು ಟೋಪಿ. ಇದೆಲ್ಲ ಊರ ಪಕ್ಕದ ಸೊಂಗ್‌ಹುವಾ ನದಿಯದೇ ನೀರು. ಡಿಸೆಂಬರ್‌ನಲ್ಲಿ ನದಿ ದಪ್ಪಗೆ ಹೆಪ್ಪುಗಟ್ಟಿದ ಮೇಲೆ ಯಂತ್ರದ ಗರಗಸದಿಂದ ಆಳುದ್ದದ ದಿಮ್ಮಿಗಳಾಗಿ ಕೊಯ್ದು, ಉದ್ದ ಕೊಕ್ಕೆ ಹಾಕಿ ಎಳೆದು ತರುತ್ತಾರೆ. ಒಂದೊಂದೂ ನೂರಾರು ಕಿಲೋ. ನಮ್ಮ ಫ್ರಿಡ್ಜ್‌ನ ಐಸ್ ನಡುವೆ ಬೆಳ್ಳಗಿರುತ್ತೆ ಅಲ್ವಾ? ಅದು ಎಲ್ಲ ಕಡೆಯಿಂದ ಒಟ್ಟಿಗೆ ಗಟ್ಟಿಯಾಗಿ ಗಾಳಿ ನಡುವೆ ಸಿಕ್ಕಿಕೊಳ್ಳುವುದರಿಂದ. ನದಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಗಾಳಿಯನ್ನು ಕೆಳಕ್ಕೆ ತಳ್ಳುತ್ತಾ ಹೋಗುತ್ತದೆ. ಅದಕ್ಕೇ ಈ ಗಾಜಿನಂಥ ತಿಳಿ.

ಬೇಗ ಕೆಲಸ ಶುರು ಮಾಡಲು ಹಿಂದಿನ ಚಳಿಗಾಲದ ದಿಮ್ಮಿಗಳನ್ನು ಬೇಸಿಗೆಯುದ್ದಕ್ಕೂ ದಪ್ಪ ಹೊದಿಕೆಯಡಿ ಕಾಪಾಡಿ ಇಟ್ಟಿರುತ್ತಾರಂತೆ. ಇದನ್ನು ಕೇಳಿ ನನಗೆ ತುಮಕೂರಿನ ಕಬ್ಬಿನಹಾಲಿನ ಗಾಡಿ ನೆನಪಾಯಿತು. ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲ ಸುತ್ತಿಟ್ಟ ಐಸ್ ಗಡ್ಡೆ. ಅದರ ಚೂರಿಗಾಗಿ ನಾವಿಬ್ಬರೂ ಜಗಳವಾಡಿದ್ದೆವು.

ಒಂದು ಮೂಲೆಯಲ್ಲಿ ಇಬ್ಬರು ಕುದುರೆಯೊಂದನ್ನು ಕೆತ್ತುತ್ತಿದ್ದರು. ಒಬ್ಬ ಚಪ್ಪಟೆ ಉಳಿಯಲ್ಲಿ ಕತ್ತಿನ ಕೂದಲು ಮೂಡಿಸುತ್ತಿದ್ದ. ಉಳಿ ತಳ್ಳಿದಾಗಲೆಲ್ಲ ಕೊಬ್ಬರಿ ತುರಿಯಂತೆ ಐಸ್ ಉದುರುತ್ತಿತ್ತು. ಇನ್ನೊಬ್ಬ ಎತ್ತಿದ ಮುಂಗಾಲನ್ನು ಬೇರೆ ತುಂಡಿನಲ್ಲಿ ಮಾಡಿ ತಂದ. ಎರಡೂ ಮುಖವನ್ನು ನಯವಾಗಿ ಉಜ್ಜಿ, ನೀರು ಹಾಕಿ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ ಕೈ ಬಿಟ್ಟ. ಕಾಲು ನಿಂತಿತ್ತು! ಇಲ್ಲಿ ಸಿಮೆಂಟೂ ನೀರೇ. ನಾವು ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಕಾಲ್ಬೆರಳು ಜೋಮು ಹಿಡಿದ ಮೇಲೆಯೇ ಹೊರಟೆವು.

ಮರುದಿನ ಸಂಜೆ ಝಾವೋಲಿನ್ ಪಾರ್ಕಿಗೆ ಹೋದೆವು. ಎಲ್ಲ ಶುರುವಾದದ್ದು ಇಲ್ಲೇ. ಹಿಂದೆ ಈ ಕಡೆಯ ಮೀನುಗಾರರು ರಾತ್ರಿ ಹೊತ್ತು ಐಸ್‌ನ ಲಾಂದ್ರ ಹಿಡಿದು ನದಿಗೆ ಹೋಗುತ್ತಿದ್ದರಂತೆ. ಗಾಳಿಗೆ ದೀಪ ಆರಬಾರದಲ್ಲ. ಅಂಥ ಲಾಂದ್ರಗಳನ್ನೇ ಇಟ್ಟು 1963ರಲ್ಲಿ ಈ ಪಾರ್ಕಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದ ವರ್ಷಗಳಲ್ಲಿ ಅದು ನಿಂತುಹೋಯಿತು. 1985ರಿಂದ ಪ್ರತಿ ವರ್ಷ ಜನವರಿ 5ಕ್ಕೆ ಊರ ಹಬ್ಬವೇ ಶುರುವಾಗುತ್ತದೆ.

ವಾಪಸ್ ಬರುವಾಗ ಓಣಿಯೊಂದರ ಅಂಗಡಿ ಮುಂದೆ ಒಬ್ಬ ಅಜ್ಜಿ ಕಬ್ಬಿಣದ ಬಕೆಟ್ ಜೊತೆ ಕೂತಿದ್ದರು. ತಂಗಿ ಚೀನೀ ಭಾಷೆಯಲ್ಲಿ ಏನೋ ಕೇಳಿದಳು. ಅಜ್ಜಿ ನಕ್ಕು, ನಿಂತು ನೋಡಿ ಎಂದು ಕೈ ಮಾಡಿದರು. ಬಕೆಟ್ಟಿನ ಮೈಮೇಲೆ ಬಿಸಿನೀರು ಸುರಿದು, ಬೋರಲು ಹಾಕಿ, ಮೆಲ್ಲಗೆ ಎತ್ತಿದರು. ಬಕೆಟ್ಟಿನ ಆಕಾರದ ಐಸ್ ಹೊರಗೆ ಬಂತು. ಸುತ್ತಲೂ ಗಟ್ಟಿ, ನಡುವೆ ಇನ್ನೂ ನೀರು ಅಲುಗುತ್ತಿತ್ತು. ಮೇಲಿನ ತೆಳು ಪದರಕ್ಕೆ ಮೊಳೆಯಿಂದ ಕುಟ್ಟಿ ತೂತು ಮಾಡಿ, ಒಳಗಿನ ನೀರನ್ನು ಬಗ್ಗಿಸಿ ಚೆಲ್ಲಿದರು. ತೂತನ್ನು ದೊಡ್ಡದು ಮಾಡಿ, ಒಂದು ಗಿಡ್ಡ ಮೇಣದಬತ್ತಿ ಹಚ್ಚಿ ಒಳಗಿಳಿಸಿದರು.

ಗುಳ್ಳೆಗಳೆಲ್ಲ ಒಂದೊಂದಾಗಿ ಹಳದಿಯಾದವು. ತಂಗಿ ನನ್ನ ತೋಳು ಹಿಡಿದುಕೊಂಡಳು. ನಿನ್ನೆಯಿಂದ ನೂರಾರು ಫೋಟೋ ತೆಗೆದಿದ್ದೆವು. ಇದರದು ತೆಗೆಯೋಣ ಅಂದರೆ ಚಳಿಗೆ ಇಬ್ಬರ ಫೋನೂ ಆಫ್ ಆಗಿತ್ತು. ಸುಮ್ನೆ ನೋಡುತ್ತಾ ನಿಂತೆವು. ಅಜ್ಜಿ ಚೆಲ್ಲಿದ ನೀರು ಆಗಲೇ ನಮ್ಮ ಕಾಲ ಬಳಿ ಗಟ್ಟಿಯಾಗಿತ್ತು, ಅದರಲ್ಲೂ ದೀಪ ಕಾಣುತ್ತಿತ್ತು.